ಹುಡುಕಿದ್ದು ಸಿಡುಬು, ಸಿಕ್ಕಿದ್ದು ಹೆಪಟೈಟಿಸ್ ಬಿ: ನೇಪಲ್ಸ್ ಮಗುವಿನ ಪ್ರಕರಣ

ಈ ಪ್ರಕರಣದ ರೋಗಿಗೆ ಹೆಸರಿಲ್ಲ. ವಯಸ್ಸು ಸುಮಾರು ಎರಡು ವರ್ಷ. ತೀರಿಕೊಂಡು ಹತ್ತಿರ ಹತ್ತಿರ 450 ವರ್ಷ ಆಗಿದೆ. ಕೆಲಸ ಮಾಡಿದ ಸಂಶೋಧಕರ ಹೆಸರುಗಳನ್ನೂ ಇಲ್ಲಿ ಬಿಟ್ಟಿದ್ದೇನೆ. ನಮಗೆ ಬೇಕಿರುವುದು ಅವರು ಯಾವ ಹಂತದಲ್ಲಿ ಏನು ತೀರ್ಮಾನ ಮಾಡಿದರು, ಯಾಕೆ ಮಾಡಿದರು ಅನ್ನುವುದು. ಒಂದು ವೈರಸ್‌ನ ಮೂಲ ಹುಡುಕುವಾಗ ಎಲ್ಲಿ ಎಡವುತ್ತೇವೆ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿನ್ನೆಲೆ

ಇಟಲಿಯ ನೇಪಲ್ಸ್‌ನಲ್ಲಿ ಸ್ಯಾನ್ ಡೊಮೆನಿಕೊ ಮಜ್ಜೋರೆ ಅಂತ ಒಂದು ದೊಡ್ಡ ಚರ್ಚ್ ಇದೆ. ಅಲ್ಲಿನ ರಾಜಮನೆತನದವರು, ಊರಿನ ದೊಡ್ಡ ಮನೆಗಳವರು ತೀರಿಕೊಂಡಾಗ ಅವರ ಶವಪೆಟ್ಟಿಗೆಗಳನ್ನು ಆ ಚರ್ಚ್‌ನಲ್ಲೇ ಇಡುತ್ತಿದ್ದರು. 15, 16ನೇ ಶತಮಾನದ ಆ ದೇಹಗಳಲ್ಲಿ ಹಲವು ಮಣ್ಣಾಗದೆ ಮಮ್ಮಿಗಳಾಗಿ ಉಳಿದುಕೊಂಡವು. 1980ರ ದಶಕದಲ್ಲಿ ಪೀಸಾ ವಿಶ್ವವಿದ್ಯಾಲಯದ ತಂಡವೊಂದು ಅವುಗಳನ್ನು ಪರೀಕ್ಷೆ ಮಾಡಿತು. ಅವುಗಳಲ್ಲಿ ಒಂದು ಈ ಮಗುವಿನದು. ರೇಡಿಯೋಕಾರ್ಬನ್ ಲೆಕ್ಕದ ಪ್ರಕಾರ ಕಾಲ 1569, ಅದಕ್ಕೆ 60 ವರ್ಷ ಆಚೆ ಈಚೆ.

ಮಗುವಿನ ಮುಖದ ಮೇಲೆ, ಮೈಮೇಲೆ ಗುಳ್ಳೆಗಳ ಗುರುತು ಇತ್ತು. ಯಾರಿಗಾದರೂ ಮೊದಲು ಹೊಳೆಯುವುದು ಸಿಡುಬೇ. ತಂಡ ಸುಮ್ನೆ ಅಂದಾಜಿಗೆ ನಿಲ್ಲಲಿಲ್ಲ. ಗುಳ್ಳೆಯ ಚರ್ಮವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಿಡುಬಿನ ವೈರಸ್‌ನಂಥ ಕಣಗಳು ಕಂಡವು. ಅದರ ವಿರುದ್ಧದ ಆಂಟಿಬಾಡಿಗಳೂ ಆ ಕಣಗಳಿಗೆ ಅಂಟಿಕೊಂಡವು. 1986ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಮುಂದೆ ಮೂವತ್ತು ವರ್ಷ ಆ ಮಗು "ಸಿಡುಬಿನ ಮಗು" ಅಂತಲೇ ಓದಿಸಿಕೊಂಡಿತು.

ಈಗ ಕೂತು ಆ ತೀರ್ಮಾನವನ್ನು ಹೀಗಳೆಯುವುದು ಸುಲಭ. ಆದರೆ ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸಿಕೊಳ್ಳುವ ಪಿಸಿಆರ್ ವಿಧಾನ ಆಗಷ್ಟೇ ಹುಟ್ಟಿತ್ತು. ಹಳೆಯ ದೇಹದಿಂದ ವೈರಸ್‌ನ ಡಿಎನ್‌ಎ ತೆಗೆದು ಅಕ್ಷರ ಅಕ್ಷರ ಓದುವುದು ಯಾರ ಕೈಲೂ ಆಗುವ ಕೆಲಸ ಆಗಿರಲಿಲ್ಲ. ಗುರುತು, ಕಣದ ಆಕಾರ, ಆಂಟಿಬಾಡಿ ಮೂರೂ ಒಂದೇ ಕಡೆ ಕೈ ತೋರಿಸಿದಾಗ ಇನ್ನೇನು ಹೇಳಬೇಕಿತ್ತು? ಕೊರತೆ ಇದ್ದದ್ದು ಒಂದೇ: ರೋಗಾಣುವಿನ ಜೀನೋಮ್‌ನ, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹದ, ಒಂದು ಸಾಲನ್ನೂ ಯಾರೂ ಓದಿರಲಿಲ್ಲ.

ಮತ್ತೆ ಯಾಕೆ ತೆಗೆದರು

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಪ್ರಾಚೀನ ಡಿಎನ್‌ಎ ಪ್ರಯೋಗಾಲಯ ಮತ್ತು ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ವೈರಸ್ ವಿಕಾಸದ ತಜ್ಞರು ಈ ಮಗುವಿನ ಮಾದರಿಗಳನ್ನು ಮತ್ತೆ ಕೈಗೆತ್ತಿಕೊಂಡರು. ಅದರ ಮಹತ್ವ ತಿಳಿಯೋಕೆ ಸಿಡುಬಿನ ಕಥೆ ಸ್ವಲ್ಪ ಗೊತ್ತಿರಬೇಕು. ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಒಂದು ಚರ್ಚ್‌ನ ನೆಲಮಾಳಿಗೆಯಲ್ಲಿ ಸಿಕ್ಕ 17ನೇ ಶತಮಾನದ ಮಗುವಿನ ಮಮ್ಮಿಯಿಂದ ಸಿಡುಬಿನ ವೈರಸ್‌ನ ಪೂರ್ತಿ ಜೀನೋಮ್ ಸಿಕ್ಕಿತ್ತು, 2016ರಲ್ಲಿ ಅದು ಪ್ರಕಟವಾಯಿತು. ಅದರಿಂದ ಹೊರಟ ಲೆಕ್ಕ ಅಚ್ಚರಿ ಹುಟ್ಟಿಸಿತು: 20ನೇ ಶತಮಾನದಲ್ಲಿ ಸಂಗ್ರಹಿಸಿದ್ದ ಸಿಡುಬಿನ ಎಲ್ಲ ತಳಿಗಳೂ ಈ ವಿಲ್ನಿಯಸ್ ತಳಿಯೂ ಒಂದೇ ಪೂರ್ವಜನಿಂದ ಬಂದದ್ದು ಸುಮಾರು 1588ರಿಂದ 1645ರ ನಡುವೆ.

ನೇಪಲ್ಸ್ ಮಗುವಿನ ಕಾಲ 1569ರ ಆಸುಪಾಸು. ಅಂದರೆ ಆ ಪೂರ್ವಜನಿಗಿಂತ ಹಳೆಯದಾಗಿರುವ ಸಾಧ್ಯತೆ ಇತ್ತು. ಸಿಡುಬಿನ ಡಿಎನ್‌ಎ ಅದರಲ್ಲಿ ಸಿಕ್ಕಿಬಿಟ್ಟಿದ್ದರೆ ಇಡೀ ವಂಶವೃಕ್ಷದ ಬೇರೇ ಕಾಣುತ್ತಿತ್ತು. ಅಷ್ಟು ಬೆಲೆಯ ಮಾದರಿ.

ಮಾದರಿಯಲ್ಲಿ ಇರುವ ಡಿಎನ್‌ಎ ಪೂರ್ತಿಯನ್ನೂ ಆರಿಸದೆ ಓದಿದಾಗ ಸಿಡುಬಿನದು ಒಂದೇ ಒಂದು ತುಣುಕೂ ಇರಲಿಲ್ಲ. ಬದಲಿಗೆ ಲಿವರ್‌ಗೆ ತಗುಲುವ ಹೆಪಟೈಟಿಸ್ ಬಿ ವೈರಸ್‌ನ ತುಣುಕುಗಳು ಇದ್ದವು.

ಮೊದಲ ತೀರ್ಮಾನ ಇಲ್ಲಿ. ಹೆಪಟೈಟಿಸ್ ಬಿ ಜಗತ್ತಿನಲ್ಲಿ ತುಂಬಾ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ 25.4 ಕೋಟಿ ಜನರ ಮೈಯಲ್ಲಿ ಇದು ದೀರ್ಘಕಾಲ ಉಳಿದಿದೆ. ಭಾರತದಲ್ಲೇ ಸುಮಾರು 2.98 ಕೋಟಿ. ಹಾಗಾಗಿ ಹಳೆಯ ಮಾದರಿಯಲ್ಲಿ ಅದರ ನಾಲ್ಕು ತುಣುಕು ಕಂಡರೆ "ಯಾರದೋ ಕೈಯಿಂದ ಬಂದಿರಬೇಕು, ಬಿಡಿ" ಅನ್ನುವುದು ಸಹಜ. ತಂಡ ಹಾಗೆ ಬಿಡಲಿಲ್ಲ, ಹಾಗಂತ ಸಿಡುಬನ್ನೂ ಕೈಬಿಡಲಿಲ್ಲ. ಎರಡೂ ವೈರಸ್‌ಗಳಿಗೆ ಬೇರೆ ಬೇರೆ ಗಾಳ ಮಾಡಿಕೊಂಡರು. ಗಾಳ ಅಂದರೆ ಬೇಕಾದ ವೈರಸ್‌ನ ಡಿಎನ್‌ಎಗೆ ಹೊಂದುವ ಚಿಕ್ಕ ಎಳೆಗಳು. ಇವುಗಳನ್ನು ಮಾದರಿಯಲ್ಲಿ ಬಿಟ್ಟರೆ ಹೊಂದುವ ತುಣುಕುಗಳು ಮಾತ್ರ ಕಚ್ಚಿಕೊಳ್ಳುತ್ತವೆ, ಉಳಿದದ್ದನ್ನು ತೊಳೆದು ಹಾಕಬಹುದು.

ನನಗೆ ಇಷ್ಟವಾದ ಹೆಜ್ಜೆ ಇದು. ಹೊಸ ಊಹೆಗೆ ಕೊಟ್ಟಷ್ಟೇ ಅವಕಾಶವನ್ನು ಹಳೆಯ ರೋಗನಿರ್ಣಯಕ್ಕೂ ಕೊಟ್ಟರು. ಸಿಡುಬಿನ ಗಾಳಕ್ಕೆ ಏನೂ ಬೀಳಲಿಲ್ಲ. ಹೆಪಟೈಟಿಸ್ ಬಿ ಮಾತ್ರ ಧಾರಾಳವಾಗಿ ಬಂತು: ಜೀನೋಮ್‌ನ ಪ್ರತಿ ಅಕ್ಷರವನ್ನೂ ಸರಾಸರಿ 163.8 ಸಲ ಓದುವಷ್ಟು.

ನಂಬಬೇಕೋ ಬೇಡವೋ

ಇಲ್ಲಿಂದ ಕೇಸು ಬಿಗಿಯಾಗುತ್ತದೆ. ಸಿಕ್ಕಿದ್ದು ನಿಜಕ್ಕೂ 16ನೇ ಶತಮಾನದ ವೈರಸ್ಸೋ, ಇತ್ತೀಚೆಗೆ ಸೇರಿಕೊಂಡ ಕಲಬೆರಕೆಯೋ? ಇದಕ್ಕೆ ಎರಡು ಸಾಕ್ಷಿಗಳನ್ನು ಕೇಳಬಹುದು. ಒಂದು, ಡಿಎನ್‌ಎಯ ಸವೆತ. ಇನ್ನೊಂದು, ವಂಶವೃಕ್ಷ.

ಸವೆತದ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ಜೀವ ಹೋದ ಮೇಲೆ ಡಿಎನ್‌ಎ ತುಂಡು ತುಂಡಾಗುತ್ತದೆ. ಹಳೆಯ ಸೀರೆ ಅಂಚಿನಲ್ಲಿ ಮೊದಲು ಪಿಸಿಯುವ ಹಾಗೆ, ತುಂಡುಗಳ ತುದಿಗಳಲ್ಲೇ ಹಾಳಾಗುವುದು ಜಾಸ್ತಿ, ಯಾಕೆಂದರೆ ಅಲ್ಲಿ ಜೋಡಿ ಎಳೆ ಬಿಚ್ಚಿಕೊಂಡು ಒಂಟಿ ಎಳೆ ಚಾಚಿಕೊಂಡಿರುತ್ತದೆ. ಆ ಒಂಟಿ ಎಳೆಯಲ್ಲಿರುವ ಸೈಟೋಸಿನ್, ಅಂದರೆ ಸಿ ಅಕ್ಷರ, ನೀರಿನ ಜೊತೆ ವರ್ತಿಸಿ ಒಂದು ಅಮೈನ್ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗುತ್ತದೆ. ಯಂತ್ರ ಅದನ್ನು ಟಿ ಅಂತ ಓದುತ್ತದೆ. ಆದ್ದರಿಂದ ನಿಜವಾದ ಹಳೆ ಡಿಎನ್‌ಎ ಓದಿದಾಗ ತುಂಡಿನ ತುದಿಯಲ್ಲಿ ಸಿ ಇರಬೇಕಾದ ಕಡೆ ಟಿ ಸಿಗುವುದು ಹೆಚ್ಚು, ಒಳಗೆ ಹೋದಂತೆ ಕಡಿಮೆ. ನಿನ್ನೆ ಮೊನ್ನೆ ಸೇರಿದ ಡಿಎನ್‌ಎಯಲ್ಲಿ ಈ ಗುರುತು ಇರುವುದಿಲ್ಲ.

ತಂಡ ವೈರಸ್‌ನ ಸವೆತವನ್ನು ಮಾತ್ರ ನೋಡಿ ಸುಮ್ಮನಾಗಲಿಲ್ಲ. ಅದೇ ಮಗುವಿನ ಮೈಟೋಕಾಂಡ್ರಿಯದ (ಜೀವಕೋಶದೊಳಗಿನ ಒಂದು ಭಾಗ) ಡಿಎನ್‌ಎಯನ್ನೂ ಓದಿ ಪಕ್ಕದಲ್ಲಿ ಇಟ್ಟರು. ವೈರಸ್ ಮಗುವಿನ ಜೊತೆಗೇ ಸತ್ತದ್ದಾದರೆ ಎರಡೂ ಅಷ್ಟೇ ವರ್ಷ, ಅದೇ ಪೆಟ್ಟಿಗೆಯಲ್ಲಿ, ಅದೇ ಬಿಸಿಲು ಚಳಿಯಲ್ಲಿ ಸವೆದಿರಬೇಕು ಅಲ್ವಾ? ಎರಡರ ಸವೆತದ ರೇಖೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ವೈರಸ್ ಹಳೆಯದೇ ಅಂತ ಮೊದಲ ಸಾಕ್ಷಿ ಹೇಳಿತು.

ಎರಡನೇ ಸಾಕ್ಷಿ ಉಲ್ಟಾ ಹೇಳಿತು. ಮಗುವಿನ ವೈರಸ್‌ನ ಜೀನೋಮನ್ನು ಇಂದಿನ ರೋಗಿಗಳಿಂದ ಸಿಕ್ಕ ಜೀನೋಮ್‌ಗಳ ಜೊತೆ ವಂಶವೃಕ್ಷದಲ್ಲಿ ಕೂರಿಸಿದಾಗ ಅದು ಡಿ ಜೀನೋಟೈಪ್‌ನ (ಜೀನೋಟೈಪ್ ಅಂದರೆ ಈ ವೈರಸ್‌ನ ದೊಡ್ಡ ಶಾಖೆಗಳಲ್ಲಿ ಒಂದು) ಇಂದಿನ ತಳಿಗಳ ಮಧ್ಯೆ ಆರಾಮಾಗಿ ಹೋಗಿ ಕೂತಿತು. ನಾಲ್ಕೂವರೆ ಶತಮಾನ ಹಳೆಯ ವೈರಸ್ ಮರದ ಬುಡದ ಕಡೆ, ಗಿಡ್ಡ ಕೊಂಬೆಯ ತುದಿಯಲ್ಲಿ ಇರಬೇಕಿತ್ತು. ಅದು ನಿನ್ನೆ ಯಾರದೋ ರಕ್ತದಿಂದ ತೆಗೆದಂತೆ ಕಾಣುತ್ತಿತ್ತು. ಇಂಥ ಮರ ಕಂಡರೆ ಪ್ರಾಚೀನ ಡಿಎನ್‌ಎ ಕ್ಷೇತ್ರದಲ್ಲಿ ಮೊದಲು ಬಾಯಿಗೆ ಬರುವ ಮಾತು ಕಲಬೆರಕೆ. ಆ ಕ್ಷೇತ್ರ ಸುಟ್ಟುಕೊಂಡು ಕಲಿತದ್ದು ಅದು, ಹಿಂದೆ ದೊಡ್ಡ ದೊಡ್ಡ ಘೋಷಣೆಗಳೇ ಕಲಬೆರಕೆ ಅಂತ ಬಿದ್ದುಹೋಗಿವೆ.

ಮಾದರಿಯನ್ನು ಪಕ್ಕಕ್ಕೆ ಎಸೆಯೋಕೆ ಇಷ್ಟು ಸಾಕಿತ್ತು. ತಂಡ ಆಗ ಪ್ರಶ್ನೆಯನ್ನೇ ತಿರುಗಿಸಿತು. ಮಾದರಿ ಸುಳ್ಳು ಹೇಳುತ್ತಿದೆಯೋ, ಅಥವಾ ನಾವು ಕೈಯಲ್ಲಿ ಹಿಡಿದಿರುವ ಗಡಿಯಾರವೇ ಸರಿ ಇಲ್ಲವೋ? ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯ ಮೇಲೆ.

ಗಡಿಯಾರದ ಪರೀಕ್ಷೆ

ವೈರಸ್‌ಗಳು ಕಾಲ ಕಳೆದಂತೆ ಅಕ್ಷರ ಬದಲಿಸುತ್ತವೆ. ವರ್ಷಕ್ಕೆ ಇಷ್ಟು ಅಂತ ವೇಗ ಗೊತ್ತಿದ್ದರೆ ಎರಡು ತಳಿಗಳ ನಡುವಿನ ವ್ಯತ್ಯಾಸ ನೋಡಿ ಅವು ಯಾವಾಗ ಬೇರೆಯಾದವು ಅಂತ ಹಿಂದಕ್ಕೆ ಎಣಿಸಬಹುದು. ಇದನ್ನೇ ಅಣುಗಡಿಯಾರ ಅನ್ನುತ್ತಾರೆ. ಇದು ಬಳಕೆಗೆ ಬರಬೇಕಾದರೆ ಒಂದು ಷರತ್ತು ಇದೆ: ಹಳೆಯ ಮಾದರಿಗಳು ಮರದ ಬೇರಿಗೆ ಹತ್ತಿರ, ಹೊಸವು ದೂರ ಇರಬೇಕು. ಮಾದರಿ ಸಿಕ್ಕ ವರ್ಷ ಒಂದು ಅಕ್ಷದಲ್ಲಿ, ಬೇರಿನಿಂದ ದೂರ ಇನ್ನೊಂದು ಅಕ್ಷದಲ್ಲಿ ಇಟ್ಟು ಚುಕ್ಕಿ ಹಾಕಿದರೆ ಏರುವ ಗೆರೆ ಬರಬೇಕು.

ಹೆಪಟೈಟಿಸ್ ಬಿ ವಿಷಯದಲ್ಲಿ, ಆಗ ಕೈಯಲ್ಲಿದ್ದ ದತ್ತಾಂಶದಲ್ಲಿ, ಆ ಗೆರೆ ಬರಲಿಲ್ಲ. ಅಂದರೆ ಅದುವರೆಗೆ ಈ ವೈರಸ್‌ಗೆ ಹಾಕಿದ್ದ ವಯಸ್ಸುಗಳೆಲ್ಲ ಅಲುಗಾಡುವ ನೆಲದ ಮೇಲೆ ನಿಂತಿದ್ದವು. ಹಳೆಯ ಲೆಕ್ಕಗಳು ಕೆಲವು ನೂರು ವರ್ಷದಿಂದ ಮೂವತ್ತು ಸಾವಿರ ವರ್ಷ ದಾಟುವವರೆಗೆ ಹರಡಿಕೊಂಡಿದ್ದಕ್ಕೆ ಕಾರಣ ಇಲ್ಲಿ ಸಿಗುತ್ತದೆ.

ಕೈಲೆಕ್ಕ ಮಾಡಿ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಈ ವೈರಸ್‌ನ ಜೀನೋಮ್ ಸುಮಾರು 3,200 ಅಕ್ಷರ, ಅಷ್ಟೇ. ಇಂದಿನ ರೋಗಿಗಳಲ್ಲಿ ಕೆಲವು ವರ್ಷಗಳ ಅವಧಿಯಲ್ಲಿ ಅಳೆದಾಗ ಸಿಗುವ ವೇಗದ ಅಂದಾಜುಗಳಲ್ಲಿ ಜೋರಾದದ್ದು ಹತ್ತು ಸಾವಿರ ಅಕ್ಷರಕ್ಕೆ ವರ್ಷಕ್ಕೆ ಒಂದು ಬದಲಾವಣೆ. ಆ ವೇಗ ಹಿಡಿದರೆ 450 ವರ್ಷಕ್ಕೆ 144 ಅಕ್ಷರ ಬದಲಾಗಬೇಕು. ಅಷ್ಟು ಕಡಿಮೆ ಇರುವ ಕೊಂಬೆ ಮರದಲ್ಲಿ ಎದ್ದು ಕಾಣುತ್ತದೆ. ವೇಗ ಅದರ ಹತ್ತನೇ ಒಂದು ಪಾಲಾದರೆ? ಬರೀ 14 ಅಕ್ಷರ. ಒಂದೇ ಜೀನೋಟೈಪ್‌ನ ಇಬ್ಬರು ರೋಗಿಗಳ ವೈರಸ್‌ಗಳ ನಡುವೆ ಇಂದೇ ಅದಕ್ಕಿಂತ ಎಷ್ಟೋ ಪಾಲು ವ್ಯತ್ಯಾಸ ಇರಬಹುದು. ಆ ಗದ್ದಲದಲ್ಲಿ 14 ಅಕ್ಷರದ ಕೊರತೆ ಎಲ್ಲಿ ಕಾಣಬೇಕು?

ವೇಗ ಹೀಗೆ ಏರುಪೇರಾಗಲು ಕಾರಣಗಳಿವೆ. ಈ ವೈರಸ್ ಜಾಗ ಉಳಿಸಲು ಒಂದೇ ಸಾಲನ್ನು ಎರಡೆರಡು ಪ್ರೋಟೀನ್‌ಗೆ ಬಳಸುತ್ತದೆ. ಮೇಲ್ಮೈ ಪ್ರೋಟೀನ್‌ನ ಇಡೀ ಸಂಕೇತ, ವೈರಸ್‌ನ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಪ್ರೋಟೀನ್‌ನ ಸಂಕೇತದ ಒಳಗೇ ಅಡಗಿದೆ. ಒಂದಕ್ಕೆ ಒಗ್ಗುವ ಬದಲಾವಣೆ ಇನ್ನೊಂದನ್ನು ಕೆಡಿಸಬಹುದು. ಆದ್ದರಿಂದ ರೋಗಿಯ ಮೈಯಲ್ಲಿ ಹುಟ್ಟುವ ಎಷ್ಟೋ ಬದಲಾವಣೆಗಳು ಕೆಲವು ವರ್ಷ ಇದ್ದು ಮಾಯವಾಗುತ್ತವೆ. ಚಿಕ್ಕ ಅವಧಿಯಲ್ಲಿ ಅಳೆದರೆ ಅವೂ ಲೆಕ್ಕಕ್ಕೆ ಸೇರಿ ವೇಗ ಜೋರಾಗಿ ಕಾಣುತ್ತದೆ, ಸಾವಿರಾರು ವರ್ಷಕ್ಕೆ ಅಳೆದರೆ ನಿಧಾನ. ಹರಡುವ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಅದು ದೀರ್ಘಕಾಲದ್ದಾಗುತ್ತದೆ, ದೊಡ್ಡವರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ. ಆ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ವೈರಸ್ ಜೊತೆ ಎಷ್ಟೋ ವರ್ಷ ಜಗಳಕ್ಕೇ ಇಳಿಯುವುದಿಲ್ಲ. ಜಗಳ ಇಲ್ಲದ ಕಡೆ ವೈರಸ್‌ಗೆ ಬದಲಾಗುವ ಅವಸರವೂ ಇಲ್ಲ.

ಕೊರಿಯಾದಲ್ಲಿ ಸಿಕ್ಕ 16ನೇ ಶತಮಾನದ ಇನ್ನೊಂದು ಮಗುವಿನ ಮಮ್ಮಿಯ ಲಿವರ್‌ನಿಂದಲೂ ಹೆಪಟೈಟಿಸ್ ಬಿ ಜೀನೋಮ್ ಸಿಕ್ಕಿತ್ತು. ಅದು ಇಂದು ಪೂರ್ವ ಏಷ್ಯಾದಲ್ಲಿ ಹೆಚ್ಚಿರುವ ಸಿ ಜೀನೋಟೈಪ್. ಅದೂ ಇಂದಿನ ತಳಿಗಳಿಗೆ ಹತ್ತಿರವೇ ಇತ್ತು. ಎರಡು ಖಂಡ, ಎರಡು ಜೀನೋಟೈಪ್, ಎರಡರಲ್ಲೂ ಒಂದೇ ಚಾಳಿ. ಇದನ್ನು ನೋಡಿದ ಮೇಲೆ ಕಲಬೆರಕೆಯ ಅನುಮಾನ ನನ್ನ ಮಟ್ಟಿಗಂತೂ ತುಂಬಾ ಇಳಿಯುತ್ತದೆ.

ತಂಡ 2018ರ ಜನವರಿಯಲ್ಲಿ ಫಲಿತಾಂಶ ಪ್ರಕಟಿಸಿತು. "ಇದು ನಿಜವಾದ ಹಳೆಯ ವೈರಸ್ ಆಗಿದ್ದರೆ" ಅನ್ನುವ ಷರತ್ತನ್ನು ಉಳಿಸಿಕೊಂಡೇ ಬರೆದರು. ಹಾಗಿದ್ದರೆ ಹೆಪಟೈಟಿಸ್ ಬಿ ಜೀನೋಟೈಪ್‌ಗಳು 16ನೇ ಶತಮಾನಕ್ಕಿಂತ ಬಹಳ ಮೊದಲೇ ಬೇರೆಯಾಗಿವೆ, ಮತ್ತು ಈ ವೈರಸ್ ವಿಷಯದಲ್ಲಿ ವಂಶವೃಕ್ಷವೊಂದನ್ನೇ ನಂಬಿ ಮಾದರಿ ಅಸಲಿಯೋ ನಕಲಿಯೋ ಅಂತ ಹೇಳಲಾಗದು. ಇದಕ್ಕಿಂತ ಜೋರಾಗಿ ಹೇಳಿದ್ದರೆ ಪತ್ರಿಕೆಗಳಲ್ಲಿ ಇನ್ನಷ್ಟು ಸದ್ದಾಗುತ್ತಿತ್ತು. ಹೇಳದೆ ಇದ್ದದ್ದೇ ಸರಿ.

ಗುಳ್ಳೆಗಳ ಕಥೆ ಏನಾಯಿತು? ಹೆಪಟೈಟಿಸ್ ಬಿ ತಗುಲಿದ ಚಿಕ್ಕ ಮಕ್ಕಳಲ್ಲಿ ಕೆಲವರಿಗೆ ಮುಖ, ಕೈಕಾಲುಗಳ ಮೇಲೆ ಗುಳ್ಳೆ ಏಳುವುದುಂಟು, ಅದಕ್ಕೆ ಜಿಯಾನೊಟ್ಟಿ ಕ್ರೊಸ್ಟಿ ಸಿಂಡ್ರೋಮ್ ಅಂತ ಹೆಸರು. ಈ ಮಗುವಿಗೆ ಅದೇ ಆಗಿರಬಹುದು ಅಂತ ತಂಡ ಸೂಚಿಸಿತು. ನನಗೆ ಇದು ಚೆನ್ನಾಗಿ ಹೊಂದುವ ಊಹೆ, ಊಹೆಯೇ. ಸಿಡುಬು ತಪ್ಪು ಅಂತಾದ ಮಾತ್ರಕ್ಕೆ ಇದು ಸರಿ ಅಂತಾಗುವುದಿಲ್ಲ. ಮಗು ಹೆಪಟೈಟಿಸ್‌ನಿಂದಲೇ ಸತ್ತಿತು ಅಂತ ಹೇಳೋಕೂ ಆಧಾರ ಇಲ್ಲ.

ಕಾಲ ಹಿಗ್ಗಿದಾಗ

ಅದೇ ವರ್ಷ ಮೇ ತಿಂಗಳಲ್ಲಿ ಚಿತ್ರ ಬದಲಾಯಿತು. ಯುರೋಪ್ ಮತ್ತು ಏಷ್ಯಾದ 304 ಪ್ರಾಚೀನ ಮನುಷ್ಯರ ಡಿಎನ್‌ಎ ದತ್ತಾಂಶವನ್ನು ಇನ್ನೊಂದು ತಂಡ ಜಾಲಾಡಿತು. ಮನುಷ್ಯರ ವಲಸೆ ತಿಳಿಯಲು ತೆಗೆದ ದತ್ತಾಂಶ ಅದು. ಅದರಲ್ಲಿ ಹುಡುಕಿ ಸುಮಾರು 800ರಿಂದ 4,500 ವರ್ಷ ಹಳೆಯ 12 ಹೆಪಟೈಟಿಸ್ ಬಿ ಜೀನೋಮ್‌ಗಳನ್ನು ಕಟ್ಟಿದರು. ಅದೇ ತಿಂಗಳು ಜರ್ಮನಿಯಿಂದ ಇನ್ನೂ ಮೂರು ಬಂದವು, ಅದರಲ್ಲಿ ಅತಿ ಹಳೆಯದು ಸುಮಾರು 7,000 ವರ್ಷದ್ದು.

450 ವರ್ಷದ ಅಂತರದಲ್ಲಿ ನಡೆಯದೆ ನಿಂತಂತೆ ಕಂಡ ಗಡಿಯಾರ, ಅವಧಿ ಸಾವಿರಾರು ವರ್ಷಕ್ಕೆ ಹಿಗ್ಗಿದಾಗ ನಡೆಯತೊಡಗಿತು. ವೇಗ ಸುಮಾರು ಲಕ್ಷ ಅಕ್ಷರಕ್ಕೆ ವರ್ಷಕ್ಕೆ ಒಂದು. ಮೇಲೆ ನಾನು 14 ಅಂತ ಲೆಕ್ಕ ಹಾಕಿದ್ದು ಇದೇ ವೇಗದಲ್ಲಿ. ಮನುಷ್ಯರ ಮತ್ತು ವಾನರರ ತಳಿಗಳೆಲ್ಲ ಸೇರುವ ಬೇರು 8,600ರಿಂದ 20,900 ವರ್ಷಗಳ ನಡುವೆ ಬಿತ್ತು. 2021ರಲ್ಲಿ 137 ಪ್ರಾಚೀನ ಜೀನೋಮ್‌ಗಳ ದೊಡ್ಡ ಅಧ್ಯಯನ ಅದನ್ನು 12,000ದಿಂದ 20,000 ವರ್ಷಕ್ಕೆ ತಂದಿತು. ನೇಪಲ್ಸ್ ತಂಡ ಹೇಳಿದ ಹಾಗೆ ಜೀನೋಟೈಪ್‌ಗಳು ಹಳೆಯವೇ ಆಗಿದ್ದವು.

ಹರಡಿದ ದಾರಿಯೂ ಆಗ ಕಾಣತೊಡಗಿತು. ಬೇಟೆಯಾಡಿ ಬದುಕುತ್ತಿದ್ದ ಜನರಲ್ಲೇ ಈ ವೈರಸ್ ಇತ್ತು. ಯುರೋಪಿಗೆ ಬೇಸಾಯಗಾರರು ಬಂದಾಗ ಅವರ ಜೊತೆ ಬೇರೆ ಶಾಖೆ ಬಂದು ಹಳೆಯದರ ಜಾಗ ಹಿಡಿಯಿತು. ಸಾವಿರಾರು ವರ್ಷ ಮೆರೆದ ಆ ಶಾಖೆ ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದ ಉತ್ತರಾರ್ಧದಲ್ಲಿ ಕಾಣೆಯಾಯಿತು. ಇಂದು ಅದರ ನಂಟು ಉಳಿದಿರುವುದು ಜಿ ಅನ್ನುವ ಅಪರೂಪದ ಜೀನೋಟೈಪ್‌ನಲ್ಲಿ ಮಾತ್ರ. ಇಂದು ಆಫ್ರಿಕಾದ್ದು ಅಂತ ನಾವು ಗುರುತಿಸುವ ತಳಿಗಳ ಹಿಂದಿನವರು ಕಂಚಿನ ಯುಗದ ಯುರೇಷಿಯಾದಲ್ಲಿ ಕಾಣಿಸಿಕೊಂಡರು. ಇಂದಿನ ನಕ್ಷೆ ನೋಡಿ ತವರು ಊಹಿಸುವವರಿಗೆ ಇದು ದೊಡ್ಡ ಪೆಟ್ಟು.

ನಮಗೂ ಇದರಲ್ಲಿ ಪಾಲಿದೆ. ಆ ಮಗುವಿನಲ್ಲಿ ಸಿಕ್ಕ ಡಿ ಜೀನೋಟೈಪ್ ಭಾರತದಲ್ಲಿ, ದಕ್ಷಿಣದಲ್ಲೂ, ತುಂಬಾ ಸಾಮಾನ್ಯ. 304 ಮನುಷ್ಯರ ಆ 2018ರ ಅಧ್ಯಯನದಲ್ಲಿ, ಇಂದು ಭಾರತದಲ್ಲಿ ಕಾಣುವ ಒಂದು ಉಪಜೀನೋಟೈಪ್‌ನ ಹಳೆಯ ನಂಟು ಯುರೇಷಿಯಾದ ಮಾದರಿಯಲ್ಲಿ ಸಿಕ್ಕಿತು. ಇದನ್ನು ಓದಿದ ಕೂಡಲೇ "ಹಾಗಾದರೆ ಈ ವೈರಸ್ ವಾಯವ್ಯದಿಂದ ನಮ್ಮ ಕಡೆ ಬಂತು" ಅಂತ ಬಾಣದ ಗುರುತು ಎಳೆಯುವವರಿದ್ದಾರೆ. ನಾನು ಎಳೆಯುವುದಿಲ್ಲ. ಡಿಎನ್‌ಎ ಉಳಿಯುವುದು ತಂಪು ನೆಲದಲ್ಲಿ, ಆದ್ದರಿಂದ ಮಾದರಿಗಳೂ ಜಾಸ್ತಿ ಅಲ್ಲಿಂದಲೇ ಬರುತ್ತವೆ. ನಮ್ಮ ಸೆಕೆಯಲ್ಲಿ ಪರಿಸ್ಥಿತಿ ಹೇಗಿದೆ ಅಂದರೆ, ಹರಿಯಾಣದ ರಾಖಿಗಢಿಯಲ್ಲಿ ಹರಪ್ಪ ಕಾಲದ 61 ಮೂಳೆ ಮಾದರಿಗಳನ್ನು ಪರೀಕ್ಷಿಸಿದಾಗ ಬಳಸಬಹುದಾದಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬ ಹೆಂಗಸಿನಿಂದ ಮಾತ್ರ. ನಕ್ಷೆಯ ಒಂದು ಬದಿಯಲ್ಲಿ ಚುಕ್ಕಿಗಳು ಕಿಕ್ಕಿರಿದು, ಇನ್ನೊಂದು ಬದಿ ಖಾಲಿ ಇರುವಾಗ ಬಾಣದ ಬಾಲ ಎಲ್ಲಿ, ಮೊನೆ ಎಲ್ಲಿ ಅಂತ ಹೇಳುವುದು ಅವಸರದ ಮಾತಾಗುತ್ತದೆ.